ರಜೆ ಮೇಲೆ ಬಂದ ತಮ್ಮ

ಕುಂದಾಪುರದ ಕಡೆ ಒಂದು ಕಾಲದಲ್ಲಿ ಅಪ್ಪನ ಮೇಲೆ ಸಿಟ್ಟು ಬಂದ ಹುಡುಗರು ಓಡಿಹೋಗುತ್ತಿದ್ದುದು ಬೊಂಬಾಯಿಗೆ. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾದವರ ಕತೆಗಳು ಊರಲ್ಲಿ ಬೇಕಾದಷ್ಟಿದ್ದವು. ಏನೂ ಆಗದೆ ಉಳಿದವರ ಕತೆ ಯಾರೂ ಹೇಳುತ್ತಿರಲಿಲ್ಲ. ನನ್ನ ತಮ್ಮ ಆ ಸಾಲಿನವನು. ಎಸ್ಸೆಸ್ಸೆಲ್ಸಿ ಫೇಲಾದ ವರ್ಷ ಅಪ್ಪಯ್ಯನ ಜೊತೆ ಜಗಳವಾಡಿ, ತೆಂಗಿನಕಾಯಿ ಮಾರಿ ತಂದಿಟ್ಟ ದುಡ್ಡೆತ್ತಿಕೊಂಡು ಬಸ್ಸು ಹತ್ತಿದ್ದ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಊರಿಗೆ ಬರುವುದು ಒಂದು ರಾತ್ರಿಯ ಮಾತಾಯಿತು. ಅವನು ಬಂದದ್ದೂ ಆಮೇಲೆಯೇ.

ಬಂದವನು ಅಂಗಳದಲ್ಲೇ ನಿಂತ. ಏನೋ ಹೇಳಲು ಬಾಯಿ ತೆರೆದ. ಅಪ್ಪಯ್ಯ ಚೀಲ ಇಸಕೊಂಡು, "ಮೊದ್ಲ್ ಮಿಂದ್ಕಂಡ್ ಬಾ" ಅಂದರು. ಅಮ್ಮ ಆಗಲೇ ಬಚ್ಚಲೊಲೆಗೆ ಒಣ ಮಡಲು ತುರುಕುತ್ತಿದ್ದಳು. ಬೇಲಿಯಾಚೆಯಿಂದ ನೆರೆಮನೆಯವರು ಯಾರೆಂದು ಕೇಳಿದರೆ ಅಪ್ಪಯ್ಯ, "ಸಣ್ಣವ. ರಜೆ ಮೇಲ್ ಬಂದದ್" ಎಂದುಬಿಟ್ಟರು.

ರಜೆ ಕೊಡುವಂಥ ಕೆಲಸವೇ ಅವನಿಗಿರಲಿಲ್ಲ. ಆದರೂ ಮರುದಿನದಿಂದ ಇಡೀ ಕೇರಿ ಅದನ್ನೇ ಹೇಳಿತು. ಅವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಲಿಲ್ಲ. ಬೈಯದೇ ಇರುವುದು ಸುಲಭ. ಬಂದವನ ಮಾನಕ್ಕೆ ಕಾವಲು ನಿಲ್ಲುವುದು ಬೇರೆಯೇ ಕೆಲಸ. ಅಪ್ಪಯ್ಯ ಅದನ್ನು ಒಂದು ಸುಳ್ಳಿನಲ್ಲಿ ಮಾಡಿ ಮುಗಿಸಿದ್ದರು.

ನನಗೆ ಸಿಟ್ಟಿತ್ತು. ಇಷ್ಟು ವರ್ಷ ತೋಟಕ್ಕೆ ನೀರು ಬಿಟ್ಟವನು ನಾನು. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ದಾರಿ ತಪ್ಪಿ ಮರಳಿದ ಮಗನ ಕತೆಯಿದೆಯಲ್ಲ, ಅದರಲ್ಲಿ ಕೂಲಿಯವನಾಗಿಯಾದರೂ ಇಟ್ಟುಕೊಳ್ಳಲು ಕೇಳಬೇಕೆಂದು ಕಿರಿಮಗ ಹೊಂದಿಸಿಕೊಂಡು ಬಂದ ಮಾತನ್ನು ತಂದೆ ಪೂರ್ತಿ ಆಡಲೂ ಬಿಡುವುದಿಲ್ಲ. ಹಿರಿಮಗ ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ತಂದೆ ಅವನನ್ನೂ ಕರೆಯಲು ಬರುತ್ತಾನೆ, ಆದರೆ ಅವನು ಒಳಗೆ ಹೋದನೋ ಇಲ್ಲವೋ ಲೂಕ ಹೇಳುವುದಿಲ್ಲ. ನಾನಂತೂ ಹೋದೆ. ಬಂಗುಡೆ ಸಾರಿನ ವಾಸನೆ ಬರುತ್ತಿತ್ತು.

ಆ ಕತೆಯಲ್ಲಿ ಔತಣ ನಡೆಯುತ್ತದೆ, ನಮ್ಮಲ್ಲಿ ಅದೇನಿಲ್ಲ. ಬೆಳಕು ಹರಿಯುವ ಮೊದಲೇ ಅಪ್ಪಯ್ಯ ತಮ್ಮನನ್ನು ಎಬ್ಬಿಸಿ ಪಂಪು ಹಾಕಲು ಕಳಿಸಿದರು. ನಾಲ್ಕು ದಿನ ಮಲಗಲಿ ಎಂದು ಅಮ್ಮ ಗೊಣಗಿದಳು. ಮಲಗಲು ಬಿಟ್ಟಿದ್ದರೆ ಅವನು ನೆಂಟನಾಗಿಯೇ ಉಳಿಯುತ್ತಿದ್ದ ಅಂತ ನನ್ನ ಲೆಕ್ಕ.

ಕಾಯಿ ದುಡ್ಡಿನ ಸುದ್ದಿ ಯಾರೂ ಎತ್ತಲಿಲ್ಲ. ಮುಂದೆ ಪೇಟೆಯಲ್ಲಿ ಸಣ್ಣ ಕ್ಯಾಂಟೀನ್ ಹಾಕಿದ ಮೇಲೆ ಅವನೇ ಒಂದು ದಿನ ನೋಟುಗಳನ್ನು ತಂದು ಅಪ್ಪಯ್ಯನ ಮುಂದಿಟ್ಟ. ಅವರು ನಿಧಾನವಾಗಿ ಎಣಿಸಿ, ಎಲೆಅಡಿಕೆ ಡಬ್ಬಿಯೊಳಗೆ ಸೇರಿಸಿ, "ಬಡ್ಡಿ ಎಲ್ಲಿ?" ಅಂದರು. ತಮ್ಮ ನಕ್ಕ, ನಾನೂ ನಕ್ಕೆ. ಅಮ್ಮ ಮಾತ್ರ ಅಪ್ಪಯ್ಯನಿಗೆ ಚೆನ್ನಾಗಿ ಬೈದಳು.