ದನದ ಡಾಕ್ಟರ ಫೀಸು ಯಾವ ಲೆಕ್ಕಕ್ಕೆ?

ಜತ್ತ ತಾಲೂಕಿನ ಪೂರ್ವ ಭಾಗದ ನಮ್ಮ ಕನ್ನಡ ಊರುಗಳಲ್ಲಿ ಗೊಬ್ಬರ, ಬೀಜ, ಹಿಂಡಿ ಎಲ್ಲವೂ ಖರ್ಚು. ದನದ ಡಾಕ್ಟರಿಗೆ ಕೊಟ್ಟದ್ದು ದಂಡ. ನನ್ನ ಲೆಕ್ಕದ ವಹಿಯಲ್ಲಿ ಅದಕ್ಕೆ ಬೇರೆ ಪುಟವೇ ಇದೆ. ಎಮ್ಮೆ, ಒಂದಿಷ್ಟು ಕುರಿ, ಅಂಗಳ ಕಾಯುವ ನಾಯಿ, ಇವುಗಳ ಔಷಧ ಉಪಚಾರಕ್ಕೆಂದು ಯುಗಾದಿಗೇ ದುಡ್ಡು ತೆಗೆದಿಡುತ್ತೇನೆ. "ನಾಯಿಗೂ ಬಜೆಟ್ಟೇನ್ರಿ ಕಾಕಾ?" ಎಂದು ನಕ್ಕವರಿದ್ದಾರೆ. ನಗಲಿ.

2020ರ ಡಿಸೆಂಬರಿನಲ್ಲಿ ಆಟಪಾಡಿಯ ಕುರಿಗಾರರೊಬ್ಬರು ತಮ್ಮ ಮಾಡಗ್ಯಾಳ ಟಗರನ್ನು 70 ಲಕ್ಷಕ್ಕೆ ಕೇಳಿದರೂ ಕೊಡಲಿಲ್ಲ, ಒಂದೂವರೆ ಕೋಟಿ ಹೇಳಿದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಗಿಳಿಮೂಗಿನ, ಎತ್ತರದ ನಿಲುವಿನ ಆ ತಳಿಗೆ ಹೆಸರು ಕೊಟ್ಟ ಮಾಡಗ್ಯಾಳ ನಮ್ಮ ತಾಲೂಕಿನದೇ ಊರು. ಅಂದಿನಿಂದ ಎಲ್ಲರೂ ತಂತಮ್ಮ ಟಗರಿನ ಬೆಲೆ ಹೇಳುವುದನ್ನು ಕಲಿತರು. ಅದಕ್ಕೆ ಲಸಿಕೆ ಹಾಕಿಸಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಆಕಾಶ ನೋಡುತ್ತಾರೆ.

ಡಾಕ್ಟರನ್ನು ಹುಡುಕಬೇಕಾದದ್ದು ಪ್ರಾಣಿ ಗಟ್ಟಿಮುಟ್ಟಾಗಿರುವಾಗ. ನಡುರಾತ್ರಿ ಹೊಟ್ಟೆ ಉಬ್ಬಿ ಬಿದ್ದ ಮೇಲೆ ಕೈಗೆ ಸಿಕ್ಕವರೇ ಡಾಕ್ಟರು, ಅವರು ಹೇಳಿದ್ದೇ ರೇಟು. ಮೋಟರ್ ಸೈಕಲ್ಲಿಗೆ ಚೀಲ ತೂಗುಹಾಕಿಕೊಂಡು ಬರುವವರನ್ನೆಲ್ಲ ನಾವು ಡಾಕ್ಟರೆಂದೇ ಕರೆಯುತ್ತೇವೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ಪದವಿ ಪಡೆದು ನೋಂದಣಿ ಮಾಡಿಸಿಕೊಂಡವರೇ ಡಾಕ್ಟರು. ಡಿಪ್ಲೊಮಾ ಮಾಡಿದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಉಪಚಾರ ಮಾಡಬಹುದು. ಇವರಲ್ಲೂ ಕೈಗುಣ ಇರುವವರು ಬಹಳ ಮಂದಿ, ನಾನೂ ಕರೆಸುತ್ತೇನೆ. ಆದರೆ "ಇದು ನನ್ನ ಕೈಲಿ ಆಗೂದಿಲ್ರಿ, ದೊಡ್ಡ ದವಾಖಾನಿಗಿ ಒಯ್ರಿ" ಎಂದು ಹೊತ್ತು ಮೀರುವ ಮೊದಲೇ ಹೇಳುವವರನ್ನು ಮಾತ್ರ.

ನಾಯಿಗೆ ಜ್ವರ ಬಂದಾಗ ಹಾಗೆ ಹೇಳುವವರು ಸಿಗಲಿಲ್ಲ. ದಿನಾ ಒಂದು ಸಲೈನ್, ಒಂದು ಸೂಜಿ, ಬಿಲ್ಲು ಬೆಳೆಯಿತು, ನಾಯಿ ಸೊರಗಿತು. ವಿಜಯಪುರಕ್ಕೆ ಒಯ್ದೆ. ಅಲ್ಲಿಯ ಡಾಕ್ಟರು ತುಟಿ ಎತ್ತಿ ಬಿಳಿಚಿದ ಒಸಡು ನೋಡಿದರು, ಕಿವಿಯ ಮಡಿಕೆ ಬಿಡಿಸಿ ಕಾಳಿನಂತೆ ಅಂಟಿದ್ದ ಉಣ್ಣಿ ತೋರಿಸಿದರು. "ಮೊದಲ ರಕ್ತ ತಪಾಸ್ ಮಾಡಸ್ರಿ, ಔಷಧ ಆಮ್ಯಾಲ" ಎಂದರು. ಉಣ್ಣಿಯಿಂದ ಬರುವ ಎರ್ಲಿಕಿಯಾ ಎಂದು ಗೊತ್ತಾಯಿತು. ಅದಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆ, ನಾಲ್ಕು ವಾರ ತಪ್ಪದೆ ಕೊಡಬೇಕು, ದುಬಾರಿಯೇನಲ್ಲ. ಅವರ ಫೀಸು, ರಕ್ತಪರೀಕ್ಷೆ, ಗುಳಿಗೆ ಮೂರೂ ಸೇರಿದರೂ ಮೊದಲಿನ ಸಲೈನ್ ಬಿಲ್ಲಿಗಿಂತ ಕಡಿಮೆ. ಪರೀಕ್ಷೆ ಬರೆದುಕೊಡುವ ಡಾಕ್ಟರು ದುಡ್ಡು ಹೊಡೆಯುತ್ತಾರೆ ಎಂಬ ನಮ್ಮ ಜನರ ಗುಮಾನಿ ನನಗೆ ಅಂದೇ ಬಿಟ್ಟುಹೋಯಿತು. (ಮನೆಯಲ್ಲಿದ್ದ ಐಬುಪ್ರೊಫೆನ್ ಅರ್ಧ ಮುರಿದು ನಾಯಿಗೆ ಹಾಕುವ ಉಳಿತಾಯವಂತೂ ಬೇಡವೇ ಬೇಡ. ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವೆ.)

ಇನ್ನೊಂದು ನೋಡುತ್ತೇನೆ: ಲಸಿಕೆ ಎಲ್ಲಿಂದ ಹೊರಗೆ ಬರುತ್ತದೆ ಎಂಬುದು. ರೇಬೀಸ್ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅಂಗಿಯ ಜೇಬಿನಿಂದ ಬಂದ ಲಸಿಕೆಗೆ ನಾನು ದುಡ್ಡು ಕೊಡುವುದಿಲ್ಲ. ಈಗ ಬರುವ ಡಾಕ್ಟರು ಬರ್ಫ ತುಂಬಿದ ಥರ್ಮಾಸಿನಿಂದ ಬಾಟಲಿ ತೆಗೆದು, ಮುಗಿಯುವ ತಾರೀಖು ನನ್ನ ಕಣ್ಣಿಗೆ ಹಿಡಿದು, ಅದರ ಚೀಟಿ ಕಿತ್ತು ನಾಯಿಯ ಕಾರ್ಡಿಗೆ ಅಂಟಿಸಿ ಸಹಿ ಮಾಡುತ್ತಾರೆ. ಅವರ ಫೀಸಿಗೆ ನಾನು ಚೌಕಾಸಿ ಮಾಡಿದ್ದಿಲ್ಲ.

ಈ ಕಾಗದಪತ್ರದ ಬೆಲೆ ಗೊತ್ತಾಗುವುದು ವಿಮೆಯ ಹೊತ್ತಿಗೆ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ರೈತರು ಕಟ್ಟುವ ವಿಮಾ ಕಂತಿನ ಪಾಲನ್ನು ಕೇಂದ್ರ ಸರ್ಕಾರ 2024ರಲ್ಲಿ ಶೇ. 15ಕ್ಕೆ ಇಳಿಸಿತು, ಉಳಿದದ್ದು ಕೇಂದ್ರ, ರಾಜ್ಯಗಳ ಪಾಲು. ವಿಮೆ ಮಾಡಿಸುವಾಗ ಪ್ರಾಣಿಯನ್ನು ನೋಡಿ ಆರೋಗ್ಯದ ದಾಖಲೆ ಕೊಡುವವರೂ ಸತ್ತಾಗ ಶವಪರೀಕ್ಷೆ ಮಾಡಿ ಬರೆದುಕೊಡುವವರೂ ಡಾಕ್ಟರೇ. ಕಿವಿಯ ಟ್ಯಾಗ್ ಬಿದ್ದುಹೋದರೆ ಕ್ಲೇಮ್ ಇಲ್ಲ. ಮುಳ್ಳುಬೇಲಿಗೆ ಸಿಕ್ಕಿ ಟ್ಯಾಗ್ ಕಳಚುವುದು ನಮ್ಮ ಕಡೆ ಹೊಸದೇನಲ್ಲ. ಅಂದೇ ತಿಳಿಸಿ ಬೇರೆ ಹಾಕಿಸಬೇಕು.

ಕುರಿ ಇದ್ದವರು ಮಳೆ ಬೀಳುವ ಮೊದಲೇ ಕರುಳುಬೇನೆಯ ಲಸಿಕೆ ಹಾಕಿಸಿ. ಹೊಸ ಹಸಿರು ಮೇದು ರಾತ್ರೋರಾತ್ರಿ ಸಾಯುವುದು ಹೆಚ್ಚಾಗಿ ಮೈತುಂಬಿದ ಮರಿಗಳೇ, ಸಂತೆಯಲ್ಲಿ ಒಳ್ಳೆಯ ಬೆಲೆ ಬರುವಂಥವು. ಡಾಕ್ಟರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಫೋನ್ ಮಾಡಿ. ಆ ಕರೆಗೆ ದುಡ್ಡಿಲ್ಲ.