ಸಿಂಕಿಗೆ ಇಳಿಬಿಟ್ಟ ಬಿಳಿ ಪೈಪು

ಪುಟ್ಟೀ,

ಮೊನ್ನೆ ಕೋರಮಂಗಲದ ನಿನ್ನ ಹೊಸ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆನಲ್ಲ, ಬೆಳಗಿನ ಜಾವ ನೀರಿನ ಸದ್ದಿಗೆ ಎಚ್ಚರವಾಯಿತು. ಎದ್ದು ಅಡುಗೆಮನೆಗೆ ಹೋಗಿ ನೋಡಿದರೆ ನಲ್ಲಿ ಬಂದ್ ಆಗಿದೆ. ಫಿಲ್ಟರಿನ ಹಿಂದಿನಿಂದ ಇಳಿಬಿಟ್ಟ ಪೆನ್ಸಿಲ್ ಗಾತ್ರದ ಬಿಳಿ ಪೈಪು ಮಾತ್ರ ಸಿಂಕಿನ ಜಾಲರಿಯ ಮೇಲೆ ಸುರಿಯುತ್ತಲೇ ಇದೆ. ಫಿಲ್ಟರಿನ ಟ್ಯಾಂಕು ಕಂಠಮಟ್ಟ ತುಂಬಿತ್ತು. ಬೆರಳೊಡ್ಡಿದೆ, ತಣ್ಣಗಿನ, ತಿಳಿಯಾದ ನೀರು. ನೀನು ಎದ್ದ ಮೇಲೆ ಕೇಳಿದ್ದಕ್ಕೆ ‘ಅದು ವೇಸ್ಟ್ ನೀರು ದೊಡ್ಡಪ್ಪ’ ಅಂದೆ. ಕೋಲಾರಕ್ಕೆ ಬಂದು ವಾರವಾದರೂ ಆ ಮಾತು ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಅಳಿಯಂದಿರಿಗೂ ಓದಿ ಹೇಳು.

ಆ ನೀರು ಕೊಳಕಲ್ಲ, ಮಗಳೇ. ನಿಮ್ಮ ಆರ್‌ಓ ಫಿಲ್ಟರಿನ ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಪಂಪು ನೀರನ್ನು ಅದರ ಮೇಲೆ ಒತ್ತುತ್ತದೆ. ಒಂದಿಷ್ಟು ನೀರು ತೂರಿ ಆಚೆ ಹೋಗುತ್ತದೆ, ಉಪ್ಪು ಈಚೆಯೇ ನಿಲ್ಲುತ್ತದೆ. ಆ ಉಪ್ಪು ಪೊರೆಗೆ ಕಚ್ಚಿಕೊಳ್ಳದಂತೆ ಉಳಿದ ನೀರು ಅದನ್ನು ತೊಳೆದುಕೊಂಡು ಹೊರಬೀಳುತ್ತದೆ. ಮನೆಯಲ್ಲಿಡುವ ಸಾಮಾನ್ಯ ಮೆಷಿನ್ನುಗಳಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ ಹೆಚ್ಚುಕಡಿಮೆ ಮೂರು ಲೀಟರ್ ಹೀಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 15 ಲೀಟರ್ ಬೇಕು ಅಂದುಕೋ. 45 ಲೀಟರ್ ಸಿಂಕಿಗೆ. ವರ್ಷಕ್ಕೆ 16,000 ಲೀಟರ್ ದಾಟಿತು.

ಅದರಲ್ಲಿ ಕಾವೇರಿ ಪಾಲೆಷ್ಟು, ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಪಾಲೆಷ್ಟು ನೀನೇ ವಿಚಾರಿಸು. ಕಾವೇರಿಯಾದರೆ ಅದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬಂದಿದೆ; ಮೂರು ಹಂತದಲ್ಲಿ ಪಂಪು ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತಂದ ನೀರು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ಟ್ಯಾಂಕರಿಗಾಗಿ ನೀವೂ ಕಾದು ನಿಂತವರೇ. ಮರೆಯಬೇಡ.

ಮೊದಲು ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಒಂದು ಟಿಡಿಎಸ್ ಮೀಟರ್ ತಗೋ, ಕೆಲವೇ ನೂರು ರೂಪಾಯಿ. ನಲ್ಲಿ ನೀರಿನ ಲೋಟಕ್ಕೆ ಅದ್ದಿ ನೋಡು. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಬಹುದು ಎಂದು ಬಿಐಎಸ್ ಮಾನಕ ಹೇಳುತ್ತದೆ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ ಎಂದು 2019ರಲ್ಲಿ ಹಸಿರು ನ್ಯಾಯಮಂಡಳಿ ಕೇಂದ್ರಕ್ಕೆ ಸೂಚಿಸಿತ್ತು. ಬರೀ ಕಾವೇರಿ ನೀರಾದರೆ ಕುದಿಸಿ ಆರಿಸಿ ಕುಡಿದರೂ ಸಾಕು, ಯುವಿ ಫಿಲ್ಟರಾದರೂ ಸಾಕು. ಆಗ ಈ ಪೈಪಿನ ಮಾತೇ ಇಲ್ಲ. ಆದರೆ ಮೀಟರಿಗೆ ಫ್ಲೋರೈಡ್ ತಿಳಿಯುವುದಿಲ್ಲ. ಬೋರ್‌ವೆಲ್ ನೀರಾದರೆ ಒಮ್ಮೆ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸು. ನಮ್ಮ ಕೋಲಾರದಲ್ಲಿ ಆರ್‌ಓ ಬೇಕು. ಫ್ಲೋರೈಡಿನಿಂದ ಹಲ್ಲು ಕಂದಾಗಿ, ಬೆನ್ನು ಬಾಗಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆರ್‌ಓ ಬೇಕೇ ಬೇಕು ಎಂದಾದರೆ ಪೈಪನ್ನು ಸಿಂಕಿನಿಂದ ತೆಗೆದು ಕೆಳಗೆ ಮುಚ್ಚಳವಿರುವ ಡ್ರಮ್ಮಿಗೆ ಬಿಡು. ಬೆಳಿಗ್ಗೆ ಅದರಿಂದ ನೆಲ ಒರೆಸಲಿ, ಮುಸುರೆ ಪಾತ್ರೆಗೆ ಮೊದಲ ನೀರು ಹಾಕಲಿ, ಮಿಕ್ಕಿದ್ದೆಲ್ಲ ಕಮೋಡಿಗೆ. ಅರ್ಧ ಬಕೆಟ್ ನೀರನ್ನು ಒಂದೇ ಸಲಕ್ಕೆ ಸುರಿದರೆ ಫ್ಲಶ್ ಒತ್ತುವುದೇ ಬೇಡ. 45 ಲೀಟರೂ ಹೀಗೆಯೇ ಕರಗಿಹೋಗುತ್ತದೆ. ಸೋಪಿನ ಕೆಲಸಕ್ಕೆ ಅದು ಒಗ್ಗದು, ಗಡಸು ನೀರಿನಲ್ಲಿ ನೊರೆ ಬರುವುದಿಲ್ಲ. ಇನ್ನೊಂದು ಮಾತು: ಕೆಲಸಕ್ಕೆ ಬರುವಾಕೆಯ ಕೈಯಲ್ಲಿ ತುಂಬಿದ ದೊಡ್ಡ ಬಕೆಟ್ ಎತ್ತಿಸಬೇಡ. ಡ್ರಮ್ಮಿಗೆ ಒಂದು ನಲ್ಲಿ ಹಾಕಿಸು, ಯಾಕೆ ಹೀಗೆ ಮಾಡುತ್ತಿದ್ದೇವೆಂದು ಆಕೆಗೂ ಹೇಳು. ನೀರಿನ ಬೆಲೆ ಆಕೆಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಗಿಡಕ್ಕೆ ಹಾಕುವಾಗ ಮಾತ್ರ ಎಚ್ಚರ. ಇದನ್ನು ನಾನು ಕಲಿತದ್ದು ಒಂದು ಕರಿಬೇವಿನ ಗಿಡ ಕಳೆದುಕೊಂಡು. ನಿನ್ನ ದೊಡ್ಡಮ್ಮ ಮಣ್ಣಿನ ಕುಂಡದಲ್ಲಿ ನೆಟ್ಟು ಐದು ವರ್ಷ ಸಾಕಿದ ಗಿಡ. ನೀರು ಉಳಿಸುವ ಉತ್ಸಾಹದಲ್ಲಿ ನಾನು ದಿನವೂ ನಮ್ಮ ಆರ್‌ಓ ಪೈಪಿನ ನೀರನ್ನೇ ಹಾಕಿದೆ. ಮೊದಲು ಕುಂಡದ ಹೊರಮೈಯಲ್ಲಿ ಸುಣ್ಣ ಬಳಿದಂತೆ ಬಿಳಿ ಪಟ್ಟಿ ಎದ್ದಿತು. ಆಮೇಲೆ ಎಲೆಯ ತುದಿ ಕಂದಾಯಿತು, ಕಂದು ಒಳಕ್ಕೆ ಸರಿಯಿತು, ಮುಟ್ಟಿದರೆ ಉದುರತೊಡಗಿತು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 1,100. ಪೈಪಿನಿಂದ ಬರುತ್ತಿದ್ದದ್ದು 1,400ರ ಮೇಲೆ. ಕುಂಡದ ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಅಳೆಯದೆ ಹಾಕಿದ್ದು ನನ್ನ ತಪ್ಪು. ನಿನ್ನ ನಲ್ಲಿ ನೀರು 400 ಇದ್ದರೆ ಪೈಪಿನಲ್ಲಿ ಬರುವುದು 520ರ ಆಸುಪಾಸು ಅಷ್ಟೇ. ಒಂದು ದಿನ ಅದು, ಒಂದು ದಿನ ಒಳ್ಳೆ ನೀರು ಎಂದು ಹಾಕಬಹುದು. ಮಳೆಗಾಲದಲ್ಲಿ ಕುಂಡಗಳನ್ನು ಮಳೆಗೆ ಒಡ್ಡು, ಕೂತ ಉಪ್ಪು ತಳದಿಂದ ಇಳಿದುಹೋಗಲಿ.

ನಾಯಿಯ ತಟ್ಟೆಗೆ, ಹಕ್ಕಿಗಿಡುವ ಬೋಗುಣಿಗೆ ಈ ನೀರು ಬೇಡ. ನಮ್ಮ ಕಡೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಹಿಂದೆ ಹರಿಯುವುದನ್ನು ದನ ಕುಡಿಯುವುದು ಕಂಡಾಗ ಹೊಟ್ಟೆ ಉರಿಯುತ್ತದೆ. ನಮಗೆ ಬೇಡವೆಂದು ತೆಗೆದ ಫ್ಲೋರೈಡ್ ಆ ಮೂಕಪ್ರಾಣಿಗೆ! ಗೀಸರಿಗೆ, ಏರ್ ಕೂಲರಿಗೆ ಹಾಕಿದರೆ ಗಾರೆಯಂತೆ ಉಪ್ಪು ಕಟ್ಟುತ್ತದೆ. ಕೆಲವರು ಪೈಪನ್ನು ಮತ್ತೆ ಸಂಪಿಗೇ ತಿರುಗಿಸುತ್ತಾರೆ; ಒಂದೊಂದು ಸುತ್ತಿಗೂ ಸಂಪಿನ ನೀರು ಇನ್ನಷ್ಟು ಸವಳಾಗುತ್ತದೆ, ಅದನ್ನಂತೂ ಮಾಡಬೇಡ. ಪೈಪಿನ ಬಾಯಿ ಬಿಗಿದು ‘ವೇಸ್ಟ್ ನಿಲ್ಲಿಸಿದೆ’ ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಪೊರೆ ಕಟ್ಟಿಕೊಂಡು ಬೇಗ ಹಾಳಾಗುತ್ತದೆ.

ನಿನಗೆ ಇಷ್ಟು ಹೇಳುವುದಕ್ಕೆ ನನಗೆ ಇನ್ನೊಂದು ಕಾರಣವಿದೆ. ನೀವು ಅಲ್ಲಿ ಬಚ್ಚಲಿಗೆ ಬಿಟ್ಟ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಣೆಯಾಗಿ 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆ ತುಂಬಿತು. ಆ ನೀರಿನ ಗುಣದ ಬಗ್ಗೆ ಊರಲ್ಲಿ ಇಂದಿಗೂ ಎರಡು ಮಾತಿದೆ, ಆದರೆ ಅದನ್ನು ನಂಬಿ ಬೇಸಾಯ ಮಾಡುವವರೂ ಇದ್ದಾರೆ. ನೀವು ಬಿಟ್ಟದ್ದನ್ನು ಎದುರು ನೋಡುವ ಜನ ಇಲ್ಲಿದ್ದೇವೆ ಎಂಬುದು ನಿನಗೆ ನೆನಪಿರಲಿ. ನಿನ್ನ ಅಜ್ಜಿ ಅಕ್ಕಿ ತೊಳೆದ ಕಲಗಚ್ಚನ್ನು ಹಸುವಿಗೆ ಇಡದೆ ಚೆಲ್ಲಿದವಳಲ್ಲ; ಬಚ್ಚಲ ನೀರಿಗೆ ಬಾಳೆ ಇಲ್ಲದ ಹಿತ್ತಿಲು ಆಗ ಇರಲಿಲ್ಲ.

ಅಂದು ಬೆಳಿಗ್ಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ಟ್ಯಾಂಕು ತುಂಬಿದ ಮೇಲೆ ಆ ಪೈಪು ತಾನೇ ನಿಲ್ಲಬೇಕು. ನಿಮ್ಮದು ನಿಂತಿರಲಿಲ್ಲ. ಒಳಗಿನ ವಾಲ್ವು ಹೋಗಿದೆ, ರಾತ್ರಿಯೆಲ್ಲ ಹರಿಯುತ್ತಿದೆ. ನಾಳೆಯೇ ಮೆಕ್ಯಾನಿಕ್‌ನನ್ನು ಕರೆಸು. ಅವನು ಬರುವವರೆಗೆ ಮಲಗುವ ಮುಂಚೆ ಫಿಲ್ಟರಿಗೆ ಹೋಗುವ ನೀರಿನ ತಿರುಪು ಬಂದ್ ಮಾಡು. ಡ್ರಮ್ಮು ಕೊಳ್ಳಬೇಡ, ನಮ್ಮ ಅಟ್ಟದ ಮೇಲೊಂದಿದೆ. ನಲ್ಲಿ ಕೂರಿಸಿ ಬರುವ ಭಾನುವಾರ ನಾನೇ ತರುತ್ತೇನೆ.