ಮಗುವಿನ ಬೆಳವಣಿಗೆ: ಅಂಗನವಾಡಿಯಲ್ಲಿ, ಮನೆಯಲ್ಲಿ

ಮಗುವಿನ ಆರೋಗ್ಯವನ್ನು ಅರಿಯಲು ಎರಡು ಪ್ರಶ್ನೆಗಳಿವೆ: ಮಗು ಬೆಳೆಯುತ್ತಿದೆಯೇ? ಮಗು ಕಲಿಯುತ್ತಿದೆಯೇ? ಮೊದಲನೆಯದಕ್ಕೆ ತಕ್ಕಡಿ ಉತ್ತರಿಸುತ್ತದೆ; ಎರಡನೆಯದಕ್ಕೆ ನಮ್ಮ ಕಣ್ಣು ಕಿವಿಗಳೇ ಉತ್ತರಿಸಬೇಕು.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ನಮ್ಮ ಗ್ರಾಮಗಳಿಗೆ ಅಂಗನವಾಡಿಗಳು ಬಂದವು. ಅಲ್ಲಿ ಪ್ರತಿ ತಿಂಗಳೂ ಮಗುವನ್ನು ತೂಗಿ, ತೂಕವನ್ನು ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುವರು. ಜನನಕಾಲದ ತೂಕವು ಐದಾರು ತಿಂಗಳಿಗೆ ಇಮ್ಮಡಿಯಾಗಿ, ವರ್ಷ ತುಂಬುವಾಗ ಮುಮ್ಮಡಿಯಾಗುವುದು ಸಾಮಾನ್ಯ ಕ್ರಮ. ಒಂದು ತಿಂಗಳ ಅಂಕಿಗಿಂತ ರೇಖೆಯ ದಿಕ್ಕು ಮುಖ್ಯ. ರೇಖೆ ಏರದೆ ಮಟ್ಟಸವಾಗಿ ನಿಂತರೆ, ಮಗು ದುಂಡಾಗಿ ಕಂಡರೂ ಕಾರಣವನ್ನು ಹುಡುಕಬೇಕು: ಪದೇಪದೇ ಭೇದಿ, ಜ್ವರ, ಅಥವಾ ಎದೆಹಾಲಿನೊಡನೆ ಮೇಲಾಹಾರವನ್ನು ಆರಂಭಿಸದಿರುವುದು. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಕೊಡಬೇಕೆಂಬುದು ಸುಶ್ರುತ ಸಂಹಿತೆಯ ಅಭಿಪ್ರಾಯವೂ ಹೌದು.

ಇನ್ನು ಕಲಿಕೆ. ಎರಡು ತಿಂಗಳ ಸುಮಾರಿಗೆ ಮುಖ ನೋಡಿ ನಗುವುದು, ನಾಲ್ಕೈದು ತಿಂಗಳಿಗೆ ಕತ್ತು ನಿಲ್ಲುವುದು, ಒಂಬತ್ತರೊಳಗೆ ಆಸರೆಯಿಲ್ಲದೆ ಕೂರುವುದು, ಹದಿನೆಂಟರೊಳಗೆ ನಡೆಯುವುದು, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸುವುದು: ಇವು ಮೈಲಿಗಲ್ಲುಗಳು. ಕೆಲವು ವಾರಗಳ ಹೆಚ್ಚುಕಡಿಮೆ ಸಹಜ. ಆದರೆ ಕಲಿತದ್ದನ್ನು ಮಗು ಮರೆಯುವುದು ಎಂದಿಗೂ ಸಹಜವಲ್ಲ. ಆಗ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

‘ಇವನ ತಂದೆಯೂ ತಡವಾಗಿಯೇ ಮಾತನಾಡಿದ’ ಎಂಬ ಸಮಾಧಾನದಲ್ಲಿ ಮಕ್ಕಳ ಅಮೂಲ್ಯ ವರ್ಷಗಳು ಕಳೆದುಹೋಗುವುದನ್ನು ನಾವು ಕಾಣುತ್ತಲೇ ಇದ್ದೇವೆ. ಮಾತು ಬಾರದ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ಕೇಳದ ಮಾತನ್ನು ಮಗು ಕಲಿಯುವುದಾದರೂ ಹೇಗೆ? ದೋಷವು ಬೇಗ ತಿಳಿದರೆ ಶ್ರವಣಯಂತ್ರ ಹಾಗೂ ತರಬೇತಿಯಿಂದ ಬಹಳಷ್ಟು ಪ್ರಯೋಜನವುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಪರೀಕ್ಷೆ, ತರಬೇತಿಗಳ ವ್ಯವಸ್ಥೆಯಿದೆ.

ವರ್ಷ ತುಂಬಿದರೂ ನಡೆಯದ ಮಗುವಿನ ಸ್ಥಿತಿಯನ್ನು ಕಾಶ್ಯಪ ಸಂಹಿತೆಯು ‘ಫಕ್ಕ’ವೆಂದು ಕರೆದು, ಔಷಧದೊಡನೆ ನಡಿಗೆಯ ಅಭ್ಯಾಸಕ್ಕಾಗಿ ಮೂರು ಗಾಲಿಯ ರಥವನ್ನೂ ಸೂಚಿಸುತ್ತದೆ. ಗುರುತಿಸಿದರಷ್ಟೇ ಸಾಲದು, ಅಭ್ಯಾಸವನ್ನೂ ಮಾಡಿಸಬೇಕೆಂಬುದು ಇದರ ತಾತ್ಪರ್ಯ. ಇಂದು ಅಂಗಡಿಯಲ್ಲಿ ದೊರೆಯುವ, ಮಗುವನ್ನು ಕೂರಿಸುವ ವಾಕರ್ ಇದಲ್ಲ. ಅದರಿಂದ ನಡಿಗೆ ಬೇಗ ಬಾರದು. ಬೀಳುವ ಅಪಾಯವೇ ಹೆಚ್ಚು.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿಯಿಷ್ಟು. ತೂಕದ ದಿನವನ್ನು ತಪ್ಪಿಸಬೇಡಿ. ನಕ್ಷೆಯನ್ನು ತೋರಿಸುವಂತೆ ಕಾರ್ಯಕರ್ತೆಯನ್ನು ಕೇಳಿರಿ. ಮನೆಯಲ್ಲಿ ಮಗು ಏನು ಮಾಡುತ್ತದೆ, ಏನು ಮಾಡದು ಎಂಬುದನ್ನು ಆಕೆಗೆ ತಿಳಿಸಿರಿ. ಮೊಬೈಲನ್ನು ಬದಿಗಿಟ್ಟು, ಉಣಿಸುವಾಗ, ಮೀಯಿಸುವಾಗ ಮಗುವಿನೊಡನೆ ಮಾತನಾಡಿರಿ. ಸಂದೇಹ ಬಂದರೆ ಕಾಯದಿರಿ: ಪರೀಕ್ಷಿಸಿದ ಮೇಲೆ ದೋಷವಿಲ್ಲವೆಂದು ತಿಳಿದರೆ ನಷ್ಟವೇನೂ ಇಲ್ಲ, ಕಾದು ಕಳೆದುಕೊಂಡ ಕಾಲ ಮಾತ್ರ ಮರಳಿ ಬಾರದು.